ಠಕ್ಕರ ಹೇಳಿಕೆ, ದೊರೆಗಳ ಲೇಖನಿ

ಕನ್ನಡದಲ್ಲಿ ‘ಠಕ್ಕ’ ಎಂದರೆ ವಂಚಕ, ಮೋಸಗಾರ, ಅಷ್ಟೇ. ಠಕ್ಕನಾದವನು ಮಾತಿನಲ್ಲಿ ಮರುಳುಮಾಡಿ ಗಂಟು ಕಸಿದಾನೇ ಹೊರತು ಕೊರಳಿಗೆ ಉರುಲು ಬಿಗಿಯುವವನೆಂಬ ಭಾವ ಆ ಶಬ್ದದಲ್ಲಿಲ್ಲ. ಅದೇ ಕುಲದ ‘ಠಗ್’ ಎಂಬ ಮಾತು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲಿಷಿಗೆ ಹೋಗಿ ಬೇರೆಯೇ ಅರ್ಥ ಪಡೆಯಿತು: ದಾರಿಹೋಕರ ಸ್ನೇಹ ಸಂಪಾದಿಸಿ, ಜೊತೆಯಲ್ಲಿ ನಡೆದು, ರುಮಾಲಿನಿಂದ ಕತ್ತು ಬಿಗಿದು ಕೊಲ್ಲುವ, ವಂಶಪಾರಂಪರ್ಯವಾಗಿ ಅದನ್ನೇ ಕಸುಬು ಮಾಡಿಕೊಂಡ ಕೊಲೆಗಾರ. ಈ ಅರ್ಥವನ್ನು ಲೋಕಕ್ಕೆ ಹರಡಿದ್ದರಲ್ಲಿ ಒಂದು ಸರ್ಕಾರಿ ದಾಖಲೆಗೂ ಒಂದು ಕಾದಂಬರಿಗೂ ದೊಡ್ಡ ಪಾಲಿದೆ. ಈಚೆಗೆ ನಾವು ಆ ಕಾದಂಬರಿಯನ್ನೂ, ಅದೇ ವಸ್ತುವನ್ನು ಕುರಿತು ಈ ಶತಮಾನದಲ್ಲಿ ಬಂದ ಎರಡು ಚರಿತ್ರೆಯ ಪುಸ್ತಕಗಳನ್ನೂ ಒಂದರ ಬೆನ್ನಿಗೆ ಒಂದು ಓದಿದೆವು. ಓದಿ ಮುಗಿಸಿದ ಮೇಲೆ, ಇಲ್ಲಿ ಕಟ್ಟುಕಥೆಗೂ ನಿಜಕಥೆಗೂ ಮೂಲ ಒಂದೇ ಎಂಬುದು ಮನದಟ್ಟಾಯಿತು. ಆ ಮೂಲ ಎಂಥದೆಂದು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕಾದಂಬರಿ ಫಿಲಿಪ್ ಮೆಡೋಸ್ ಟೇಲರನ ‘ಕನ್‌ಫೆಷನ್ಸ್ ಆಫ್ ಎ ಠಗ್’. 1839ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಟೇಲರನ ಹೆಸರು ಕನ್ನಡಿಗರಿಗೆ ಹೊಸದಲ್ಲ. ಹದಿಹರೆಯದಲ್ಲಿಯೇ ಇಂಡಿಯಾಕ್ಕೆ ಬಂದು ನಿಜಾಮನ ಸೈನ್ಯ ಸೇರಿದ ಈತ, 1841ರಿಂದ ಸುಮಾರು ಹನ್ನೆರಡು ವರ್ಷ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡವನು. ಮುಂದೆ 1858ರಲ್ಲಿ ಕಂಪನಿಯ ವಿರುದ್ಧ ಬಂಡೆದ್ದ ರಾಜಾ ವೆಂಕಟಪ್ಪ ನಾಯಕನನ್ನು ಬಾಲ್ಯದಲ್ಲಿ ಮಗನಂತೆ ಕಂಡವನು. ‘ಟೇಲರ್ ಮಂಜಿಲ್’ ಸುರಪುರದಲ್ಲಿ ಇಂದಿಗೂ ಇದೆ. ಸುರಪುರಕ್ಕೆ ಬರುವ ಮುನ್ನ, ಹೈದರಾಬಾದು ಸಂಸ್ಥಾನದಲ್ಲಿ ಸೆರೆಸಿಕ್ಕ ಠಗ್ಗರ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸವನ್ನು ಅವನು ಮಾಡಿದ್ದನು. ಕಾದಂಬರಿ ಹುಟ್ಟಿದ್ದು ಆ ಕೆಲಸದಿಂದ.

ಕಥಾನಾಯಕ ಅಮೀರ ಅಲಿ. ಇಸ್ಮಾಯಿಲನ ತಂಡ ಅವನ ತಂದೆತಾಯಿಯರನ್ನು ಕೊಂದು, ಮಗುವನ್ನು ಉಳಿಸಿಕೊಳ್ಳುತ್ತದೆ. ಇಸ್ಮಾಯಿಲನೇ ಅವನನ್ನು ಮಗನೆಂದು ಸಾಕುತ್ತಾನೆ. ಬೆಳೆದ ಅಮೀರ ಅಲಿ ತಿಳಿಯದೆ ಒಡಹುಟ್ಟಿದವಳನ್ನೇ ಕೊಲ್ಲುತ್ತಾನೆ. ತಾನು ಮುಗಿಸಿದವರ ಸಂಖ್ಯೆ 719 ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಇಂದಿನ ಓದುಗರಿಗೆ ಪ್ರೇಮಪ್ರಸಂಗಗಳು ಹಳಸಲೆನಿಸಬಹುದು, ವರ್ಣನೆಗಳು ದೀರ್ಘವೆನಿಸಬಹುದು. ಆದರೆ ದಖ್ಖನಿನ ದಾರಿ, ಪೇಟೆ, ಊರಾಚೆಯ ಮಾವಿನ ತೋಪು, ಇರುಳಿನ ಬಿಡಾರ, ಅಪರಿಚಿತರ ನಡುವೆ ಮಾತು ಬೆಳೆದು ನಂಟಾಗುವ ಪರಿ ಇವೆಲ್ಲ ಟೇಲರನಿಗೆ ಬಲ್ಲ ಸಂಗತಿಗಳು. ಕೊಲೆಗಿಂತ ಕೊಲೆಗೆ ಮುಂಚಿನ ಸೌಜನ್ಯವೇ ನಮ್ಮನ್ನು ಹೆಚ್ಚು ನಡುಗಿಸಿತು. ಇದೆಲ್ಲ ಬಹುಮಟ್ಟಿಗೆ ನಿಜವೆಂದೂ, ಘಟನೆಗಳನ್ನು ಪೋಣಿಸಲು ಬೇಕಾದಷ್ಟೇ ಕಲ್ಪನೆ ಸೇರಿದೆಯೆಂದೂ ಟೇಲರ್ ಪೀಠಿಕೆಯಲ್ಲಿ ಹೇಳುತ್ತಾನೆ. ಹಾಗಾದರೆ ಆ ನಿಜವನ್ನು ಒದಗಿಸಿದವರು ಯಾರು?

ಒದಗಿಸಿದವರು ಮಾಫಿ ಸಾಕ್ಷಿಗಳು. ನರ್ಮದಾ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹೆನ್ರಿ ಸ್ಲೀಮನ್ 1830ರ ಸುಮಾರಿಗೆ ಠಗ್ಗರ ನಿರ್ಮೂಲನದ ಕಾರ್ಯಕ್ಕೆ ತೊಡಗಿದನು. ಕೊಲೆಯಾದವರೆಲ್ಲ ದೂರದೂರಿನವರು, ಶವಗಳು ನೆಲದಡಿಯಲ್ಲಿ, ಕಂಡವರು ಯಾರೂ ಉಳಿದಿಲ್ಲ. ಹೀಗಾಗಿ ಕೊಂದವನೇ ಬಾಯಿಬಿಡಬೇಕು. ಬಿಟ್ಟರೆ ಗಲ್ಲು ತಪ್ಪುತ್ತದೆ, ಸೆರೆ ಉಳಿಯುತ್ತದೆ. ಫಿರಂಗಿಯಾ ಎಂಬ ಮುಖಂಡ ಹೀಗೆ ಬಾಯಿಬಿಟ್ಟವರಲ್ಲಿ ಪ್ರಸಿದ್ಧ. ಸ್ಲೀಮನ್ ಡೇರೆ ಹಾಕಿದ್ದ ತೋಪಿನಲ್ಲಿಯೇ ಹೂತ ಹೆಣಗಳಿವೆಯೆಂದು ಅವನು ತೋರಿಸಿದನು. ಅಗೆದಾಗ ಹೆಣಗಳು ಸಿಕ್ಕವು. ಈ ಹೇಳಿಕೆಗಳು, ಠಗ್ಗರ ಗುಪ್ತಭಾಷೆಯ ಶಬ್ದಕೋಶ, ಅವರ ವಂಶಾವಳಿಗಳು, ಎಲ್ಲವನ್ನೂ ಸ್ಲೀಮನ್ 1836ರಲ್ಲಿ ‘ರಾಮಸೀಯಾನ’ ಎಂಬ ಗ್ರಂಥವಾಗಿ ಕಲ್ಕತ್ತೆಯಲ್ಲಿ ಪ್ರಕಟಿಸಿದನು. ಅದೇ ವರ್ಷದ 30ನೆಯ ಕಾಯಿದೆಯ ಪ್ರಕಾರ, ಒಬ್ಬನು ಯಾವುದಾದರೂ ಠಗ್ಗರ ಗುಂಪಿಗೆ ಸೇರಿದ್ದನೆಂದು ಸಿದ್ಧವಾದರೆ ಸಾಕು, ಅದು ಕಾಯಿದೆಗೆ ಹಿಂದಿನ ಮಾತಾದರೂ ಸರಿ, ಜೀವಾವಧಿ ಕಠಿಣ ಸಜೆ. ಇಂಥ ದಿನ, ಇಂಥವನನ್ನು ಕೊಂದನೆಂದು ತೋರಿಸಬೇಕಾಗಿರಲಿಲ್ಲ.

ಕಡತಗಳನ್ನು ಓದಿ ಬಲ್ಲವರಿಗೆ ಇಲ್ಲಿರುವ ತೊಡಕು ಕೂಡಲೇ ಕಾಣುತ್ತದೆ. ಸಾಕ್ಷಿಯ ಜೀವ ಅವನ ಮಾತಿನ ಮೇಲೆ ನಿಂತಿದೆ. ಪ್ರಶ್ನೆ ಕೇಳುವವನಿಗೆ ದೇವಿಯ ಆರಾಧನೆ, ಶಕುನ, ವಂಶದ ಕಸುಬು ಇವುಗಳಲ್ಲಿ ಬಹಳ ಆಸಕ್ತಿ. ಅಂಥಲ್ಲಿ ಉತ್ತರಗಳು ಪ್ರಶ್ನೆಗಳ ಕಡೆಗೆ ವಾಲದಿರುವುದು ಕಷ್ಟ. ಹಾಗೆಂದು ಎಲ್ಲವೂ ಸುಳ್ಳೆನ್ನುವಂತಿಲ್ಲ. ತೋಪಿನಲ್ಲಿ ದೊರೆತ ಹೆಣಗಳು ಯಾರ ಕಲ್ಪನೆಯೂ ಅಲ್ಲ.

ಸ್ಲೀಮನ್‌ಗಿಂತ ಹಿಂದಿನ ದಾಖಲೆಗಳನ್ನು ನೋಡಿದರೆ ಈ ವಿಚಾರ ಇನ್ನಷ್ಟು ಸ್ಪಷ್ಟವಾಗುತ್ತದೆ. ಮದರಾಸಿನಲ್ಲಿ ವೈದ್ಯನಾಗಿದ್ದ ರಿಚರ್ಡ್ ಶೆರ್ವುಡ್ 1816ರಲ್ಲಿ ದಕ್ಷಿಣದ ‘ಫಾಂಸಿಗಾರ’ರ ಮೇಲೆ ಒಂದು ಲೇಖನ ಬರೆದನು. ಇವರಿಗೆ ಕನ್ನಡದಲ್ಲಿ ‘ತಂತಿ ಕಳ್ಳರು’ ಎಂಬ ಹೆಸರಿತ್ತೆಂದು ಅದರಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಕೆಲಕಾಲಕ್ಕೆ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು ನೂರು ಮಂದಿ ಸೆರೆಸಿಕ್ಕರೂ, ಅವರದೊಂದು ಬೇರೆಯೇ ವರ್ಗವೆಂಬ ಶಂಕೆ ಆಗ ಯಾರಿಗೂ ಬರಲಿಲ್ಲವೆಂದೂ ಅಲ್ಲಿ ಹೇಳಿದೆ. ಕನ್ನಡದ ಜನ ಅವರನ್ನು ಕಳ್ಳರೆಂದು ಕರೆದರು. ಕಳ್ಳ ಎಂಬುದು ಮಾಡಿದ ಕೃತ್ಯಕ್ಕೆ ಕೊಟ್ಟ ಹೆಸರು. ಅದು ಕುಲದ ಹೆಸರಾದದ್ದು ಅನಂತರ, ಕಡತಗಳಲ್ಲಿ.

ಇನ್ನು ಈ ಶತಮಾನದ ಎರಡು ಪುಸ್ತಕಗಳು. ಮೈಕ್ ಡ್ಯಾಶ್ ಬರೆದ ‘ಠಗ್’ 2005ರಲ್ಲಿ ಬಂದಿತು. ನಿಜ ಅಪರಾಧ ಕಥನದ ಎಲ್ಲ ಸೆಳೆತವೂ ಇದರಲ್ಲಿದೆ; ಹಿಡಿದರೆ ಕೆಳಗಿಡಲಾಗದು. ಆದರೆ ಇಂಡಿಯಾದ ಕೊಲೆಗಡುಕ ಪಂಥವೊಂದರ ನಿಜಕಥೆಯೆಂದು ಅದರ ಉಪಶೀರ್ಷಿಕೆ ಸಾರುತ್ತದೆ. ಒಳಗಿನ ಪುಟಗಳಲ್ಲಿ ಲೇಖಕನೇ, ಕೊಲೆ ನಡೆದದ್ದು ದೇವಿಗಾಗಿ ಅಲ್ಲ, ಹಣಕ್ಕಾಗಿ ಎಂದು ವಾದಿಸುತ್ತಾನೆ. ರಟ್ಟಿಗೂ ಹೂರಣಕ್ಕೂ ಇರುವ ಈ ವಿರೋಧ ನಮಗೆ ಸರಿಕಾಣಲಿಲ್ಲ. ಕಿಮ್ ವ್ಯಾಗ್ನರ್ 2007ರಲ್ಲಿ ಬರೆದ ‘ಠಗ್ಗೀ’ ಅಷ್ಟು ರೋಚಕವಲ್ಲ, ಆದರೆ ಹೆಚ್ಚು ಪ್ರಾಮಾಣಿಕ. ಇಟಾವಾದ ಮ್ಯಾಜಿಸ್ಟ್ರೇಟ್ ಥಾಮಸ್ ಪೆರಿ 1810ರ ಸುಮಾರಿಗೆ ಬರೆದಿಟ್ಟ ಹಳೆಯ ದಾಖಲೆಗಳಿಂದ ಹೊರಟು, ಜಮೀನ್ದಾರರ ಆಶ್ರಯ, ಕೆಲಸ ಕಳೆದುಕೊಂಡ ಸಿಪಾಯಿಗಳು, ದಾರಿಗಳ ಅಭದ್ರತೆ ಇವುಗಳ ನಡುವೆ ಈ ಕಸುಬನ್ನು ಇಟ್ಟು ನೋಡುತ್ತದೆ. ಠಗ್ಗರು ಇದ್ದರು, ಆದರೆ ಸ್ಲೀಮನ್ ಚಿತ್ರಿಸಿದಂತಲ್ಲ ಎಂಬುದು ಅದರ ನಿಲುವು. ಮೂರರಲ್ಲಿ ಒಂದನ್ನೇ ಓದಲು ಬಿಡುವಿರುವವರಿಗೆ ನಾವು ಇದನ್ನೇ ಸೂಚಿಸುತ್ತೇವೆ.

ಎರಡು ಶತಮಾನ ಹಿಂದಿನ ಸಾಕ್ಷ್ಯದ ಗುಣದೋಷವನ್ನು ಇಂದು ಏಕೆ ಎಣಿಸಬೇಕೆಂದು ಕೇಳಬಹುದು. ಠಗ್ಗರ ವಂಶಾವಳಿ ಬರೆದ ಕೈ ಅಲ್ಲಿಗೇ ನಿಲ್ಲಲಿಲ್ಲ. ಅಪರಾಧ ರಕ್ತದಲ್ಲಿ ಇಳಿದುಬರುತ್ತದೆಂಬ ನಂಬಿಕೆ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಲ್ಲಿ ಶಾಸನವಾಯಿತು. ಇಡಿಯ ಸಮುದಾಯಗಳು ಹುಟ್ಟಿನಿಂದಲೇ ಪೊಲೀಸರ ಪಟ್ಟಿಗೆ ಸೇರಿದವು. ಹುಬ್ಬಳ್ಳಿಯಲ್ಲಿ, ಸೊಲ್ಲಾಪುರದಲ್ಲಿ ಅವರನ್ನು ಕೂಡಿಹಾಕಲು ವಸಾಹತುಗಳಾದವು. ಹುಬ್ಬಳ್ಳಿಯ ಜನರ ಬಾಯಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಇನ್ನೂ ಉಳಿದಿದೆ. 1952ರಲ್ಲಿ ಕಾಯಿದೆ ರದ್ದಾಗಿ ಆ ಜನ ‘ವಿಮುಕ್ತ’ರೆನಿಸಿದರೂ ಹಣೆಪಟ್ಟಿ ಅಳಿಯಲಿಲ್ಲ. ಅದರ ಅನುಭವ ಹೇಗಿರುತ್ತದೆಂಬುದನ್ನು ಮರಾಠಿಯ ಲಕ್ಷ್ಮಣ ಗಾಯಕವಾಡರು ‘ಉಚಲ್ಯಾ’ ಆತ್ಮಕಥೆಯಲ್ಲಿ ಹೇಳಿದ್ದಾರೆ. 1988ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಅಮೀರ ಅಲಿಯ ಕಥೆಯನ್ನು ಓದಿದವರು ಇದನ್ನೂ ಓದಬೇಕು. ಅಲ್ಲಿ ಬರೆದುಕೊಳ್ಳುವ ಸಾಹೇಬನಿಲ್ಲ, ಹೇಳುವವನೇ ಬರೆದಿದ್ದಾನೆ.

ಆದರೂ ಒಂದು ಕಡೆಯ ದನಿ ಈ ಯಾವ ಪುಸ್ತಕದಲ್ಲಿಯೂ ಕೇಳಿಸುವುದಿಲ್ಲ. ಸತ್ತವರು ಬಹುಪಾಲು ಊರು ಬಿಟ್ಟವರು: ಸಂಬಳ ಕಟ್ಟಿಕೊಂಡು ರಜೆಗೆ ಮನೆಗೆ ಹೊರಟ ಸಿಪಾಯಿ, ಸಾಹುಕಾರನ ಹಣ ಹೊತ್ತವನು, ಯಾತ್ರಿಕ. ದಾರಿಯಲ್ಲಿ ಅಪರಿಚಿತರ ಸಂಗ ಮಾಡಬೇಡಿ, ನಗದು ಒಯ್ಯಬೇಡಿ ಎಂದು 1810ರಲ್ಲಿಯೇ ಸೇನಾಧಿಕಾರಿ ಸೇಂಟ್ ಲೆಜರ್ ಸಿಪಾಯಿಗಳಿಗೆ ಆಜ್ಞೆ ಹೊರಡಿಸಿದ್ದನು. ಹೊರಟ ಊರಿನವರು ತಲುಪಿದನೆಂದುಕೊಂಡರು, ತಲುಪಬೇಕಾದ ಊರಿನವರು ಇನ್ನೂ ಹೊರಟಿಲ್ಲವೆಂದುಕೊಂಡರು. ವಿಚಾರಿಸುವವರಿಲ್ಲದ ಆ ನಡುವಿನ ದಾರಿಯೇ ಕೊಲೆಗಾರನ ಬಂಡವಾಳ. ‘ರಾಮಸೀಯಾನ’ದಲ್ಲಿ ಕೊಂದವರ ತಲೆಮಾರುಗಳ ಹೆಸರುಗಳಿವೆ. ದೊಡ್ಡ ಪ್ರಕರಣಗಳಿಗೆ ಮಾತ್ರ ಅರವತ್ತು ಜೀವಗಳ ಪ್ರಕರಣ, ನಲವತ್ತು ಜೀವಗಳ ಪ್ರಕರಣ ಎಂದಷ್ಟೇ ಹೆಸರು. ಆ ಅರವತ್ತು ಮಂದಿಯ ಮನೆಗಳಲ್ಲಿ ಎಷ್ಟು ಕಾಲ ಬಾಗಿಲು ನೋಡುತ್ತ ಕುಳಿತರೋ, ಅದನ್ನು ಬರೆದುಕೊಳ್ಳಲು ಯಾವ ದೊರೆಯೂ ಹೋಗಲಿಲ್ಲ.