ಉನ್ನತ ಶಿಕ್ಷಣದ ಅಂತರರಾಷ್ಟ್ರೀಕರಣ: ಕರ್ನಾಟಕದ ಸಂದರ್ಭ

ವಿದ್ಯಾರ್ಥಿ, ಅಧ್ಯಾಪಕ, ಪಠ್ಯಕ್ರಮ ಹಾಗೂ ಸಂಶೋಧನೆಗಳು ದೇಶಗಳ ಗಡಿ ದಾಟಿ ಸಂಚರಿಸುವಂತೆ ಉನ್ನತ ಶಿಕ್ಷಣವನ್ನು ರೂಪಿಸುವ ಪ್ರಕ್ರಿಯೆ. ಅಭಿವೃದ್ಧಿಶೀಲ ದೇಶಗಳಲ್ಲಿ ಇದು ಬಹುಕಾಲ ಒಮ್ಮುಖ ಹರಿವಾಗಿತ್ತು. ಪಶ್ಚಿಮಕ್ಕೆ ಓದಲು ಹೋದವರು ಅಲ್ಲಿಯೇ ನೆಲೆಸುವುದನ್ನು ಪ್ರತಿಭಾ ಪಲಾಯನವೆಂದು ಕರೆಯಲಾಯಿತು. ಇದರ ಎದುರುಮುಖದ ಹರಿವಿಗೆ ಕರ್ನಾಟಕದಲ್ಲಿ ಮಣಿಪಾಲವೇ ಶ್ರೇಷ್ಠ ನಿದರ್ಶನ: ಟಿ.ಎಂ.ಎ. ಪೈ ಅವರು 1953ರಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಿಂದ ಬೆಳೆದ ಶಿಕ್ಷಣ ಸಮೂಹವು ಮಲೇಷಿಯಾ ಮೊದಲಾದ ದೇಶಗಳ ವಿದ್ಯಾರ್ಥಿಗಳನ್ನು ಸೆಳೆದುದಲ್ಲದೆ, ನೇಪಾಳದ ಪೋಖರಾ, ಮಲೇಷಿಯಾದ ಮಲಕ್ಕಾ ಮತ್ತು ದುಬೈಗಳಲ್ಲಿ ತಾನೇ ಶಿಕ್ಷಣ ಕೇಂದ್ರಗಳನ್ನು ತೆರೆಯಿತು. 2019–20ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಭಾರತದಲ್ಲಿದ್ದ 49,348 ವಿದೇಶಿ ವಿದ್ಯಾರ್ಥಿಗಳಲ್ಲಿ ನೇಪಾಳದವರೇ ಹೆಚ್ಚು. ಅಭಿವೃದ್ಧಿಶೀಲ ದೇಶಗಳ ನಡುವಣ ಈ ವಿನಿಮಯಕ್ಕೆ ಸಲ್ಲಬೇಕಾದ ಗಮನ ಇನ್ನೂ ಸಂದಿಲ್ಲ.

ವಿದೇಶಿ ವಿಶ್ವವಿದ್ಯಾಲಯಗಳು ಭಾರತದಲ್ಲಿ ಆವರಣ ತೆರೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗವು 2023ರಲ್ಲಿ ನಿಯಮ ರೂಪಿಸಿ, ಶುಲ್ಕ ನಿಗದಿಯ ಅಧಿಕಾರವನ್ನು ಅವುಗಳಿಗೇ ಬಿಟ್ಟಿತು. ಇಂಥ ಆವರಣಗಳು ಬೆಂಗಳೂರಿನಂಥ ಮಹಾನಗರಗಳನ್ನೇ ಅರಸುತ್ತವೆ. ಆದರೆ ಕೋಲಾರ ಜಿಲ್ಲೆಯ ಟೇಕಲ್, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಪದವಿ ವಿದ್ಯಾರ್ಥಿಗಳು ಹೆಚ್ಚಾಗಿ ಅವಲಂಬಿಸಿರುವುದು, ಬೆಂಗಳೂರು ವಿಶ್ವವಿದ್ಯಾಲಯದ ವಿಭಜನೆಯಿಂದ 2017ರಲ್ಲಿ ರೂಪುಗೊಂಡ, ಕೋಲಾರ ಕೇಂದ್ರಿತ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವನ್ನು. ಅಂತರರಾಷ್ಟ್ರೀಕರಣದ ನಿಜವಾದ ಪರೀಕ್ಷೆ ನಡೆಯಬೇಕಾದದ್ದು ಇಂಥ ಕಡೆಗಳಲ್ಲೇ.