ಪಕ್ಕಕ್ಕೆ ಬಿದ್ದ ಭಾರ

ಕೆ.ಆರ್. ಪೇಟೆಯ ನಮ್ಮ ಮನೆಯ ಪೋರ್ಟಿಕೋದ ಮೇಲೊಂದು ಕೋಣೆ ಬೇಕೆಂದು ಹಟ ಹಿಡಿದವಳು ನಾನೇ. ಪಾಠಕ್ಕೆ ಬರುವ ಮಕ್ಕಳು ಅಲ್ಲಿ ಕೂರಲಿ ಎಂಬ ಆಸೆ. "ಕಂಬ ಗಟ್ಟಿಯಾಗಿದೆ, ಎತ್ತಿಬಿಡೋಣ ಟೀಚರಮ್ಮ" ಎಂದರು ಮೇಸ್ತ್ರಿ. ಇಂಜಿನಿಯರಿಂಗ್ ಓದಿದ ಮಗಳು ಒಪ್ಪಲಿಲ್ಲ. "ಅಮ್ಮ, ಕೋಣೆ ಭಾರ ಕಂಬದ ನಡುವೆ ಬೀಳಲ್ಲ, ಪಕ್ಕಕ್ಕೆ ಬೀಳುತ್ತೆ. ಆಗ ಕಂಬ ಬಾಗೋಕೆ ನೋಡುತ್ತೆ" ಎಂದಳು. ಇತಿಹಾಸ ಹೇಳಿಕೊಡುವ ನನಗೆ ಅವಳ ಲೆಕ್ಕ ತಲೆಗೆ ಹತ್ತಲಿಲ್ಲ. ಹತ್ತಿದ್ದು, ಶಾಲೆಯ ಮಕ್ಕಳನ್ನು ಪ್ರವಾಸ ಕರೆದೊಯ್ದಾಗ.

ನಮ್ಮೂರ ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನ ಹೊಯ್ಸಳ ಸೋಮೇಶ್ವರನ ಕಾಲದ್ದು, ಸುಮಾರು 1250ರದ್ದು. ತಿರುಗಣಿಯಲ್ಲಿ ಕಡೆದಂತಿರುವ ಅದರ ಕಂಬಗಳ ಮೇಲೆ ಚಾವಣಿಯ ಭಾರ ನೇರವಾಗಿ ಇಳಿಯುತ್ತದೆ, ತಲೆಯ ಮೇಲೆ ಬಿಂದಿಗೆ ಹೊತ್ತ ಹೆಂಗಸಿನ ಹಾಗೆ. ಅದೇ ಬಿಂದಿಗೆ ಸೊಂಟಕ್ಕೆ ಬಂದರೆ? ಒಂದು ಮಗ್ಗುಲು ಕುಗ್ಗುತ್ತದೆ, ಇನ್ನೊಂದು ಮಗ್ಗುಲು ಸೆಳೆಯುತ್ತದೆ. ಕಲ್ಲು, ಕಾಂಕ್ರೀಟು ಎರಡೂ ಅದುಮಿದರೆ ತಾಳುತ್ತವೆ, ಎಳೆದರೆ ಬಿರಿಯುತ್ತವೆ. ಆ ಎಳೆತಕ್ಕಾಗಿಯೇ ಕಾಂಕ್ರೀಟಿನೊಳಗೆ ಕಬ್ಬಿಣದ ಕಂಬಿ.

ಹಾಗಾದರೆ ಕಂಬಿಯಿಲ್ಲದ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಹೇಗೆ ನಿಂತಿತು? 1804ರಲ್ಲಿ, ಪೂರ್ಣಯ್ಯನವರು ದಿವಾನರಾಗಿದ್ದಾಗ ಕಟ್ಟಿದ್ದು. ಹೆಸರು ಗವರ್ನರ್ ಜನರಲ್‌ನದು. ಕಲ್ಲುಕಂಬ, ಅದರ ಮೇಲೆ ಕಲ್ಲಿನ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ. ಕಾವೇರಿ ಪಕ್ಕದಿಂದ ನೂಕಿ ಕಂಬವನ್ನು ಬಾಗಿಸಲು ನೋಡಿದರೆ, ಮೇಲಿನ ಕಲ್ಲುಗಳ ತೂಕವೇ ಆ ಬಿರಿತವನ್ನು ಅದುಮಿ ಹಿಡಿಯುತ್ತದೆ. ಹಿತಮಿತವಾದ ಭಾರ ಕಂಬಕ್ಕೆ ಆಸರೆ. ಮಿತಿ ಮೀರಿದರೆ ಅದೇ ಮುಳುವು. ಎಷ್ಟು ಭಾರಕ್ಕೆ ಎಷ್ಟು ಬಾಗು ಸೈರಿಸಬಹುದು ಎಂಬುದೇ ಮಗಳ ಲೆಕ್ಕ.

ಊರಿಗೆ ಬಂದವಳೇ ಕಂಬದ ಒಂದು ಕಡೆ ಕೆತ್ತಿಸಿ ನೋಡಿದೆ. ಒಳಗಿದ್ದದ್ದು 10 ಮಿಲಿಮೀಟರಿನ ಕಂಬಿ. ಐಎಸ್ 456 ಎಂಬ ಸಂಹಿತೆಯ ಪ್ರಕಾರ ಕಂಬಕ್ಕೆ 12ಕ್ಕಿಂತ ಸಣ್ಣ ಕಂಬಿ ಸಲ್ಲದು. ಅಷ್ಟೇ ಅಲ್ಲ, ಭಾರ ನೇರವಾಗಿದೆ ಎಂದು ಕಂಡರೂ ಕಡೇಪಕ್ಷ 20 ಮಿಲಿಮೀಟರ್ ಪಕ್ಕಕ್ಕೆ ಬಿದ್ದಿದೆ ಎಂದೇ ಎಣಿಸಬೇಕಂತೆ. ಬರೆದವರು ಸಂಸಾರ ಕಂಡವರೇ ಇರಬೇಕು!

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ರಾಯಗೋಪುರದ ಉದ್ದುದ್ದ ಕಂಬಗಳಿವೆ. ಗೋಪುರ ಪೂರ್ತಿಯಾಗಲೇ ಇಲ್ಲ. ನಮ್ಮ ಕೋಣೆಯೂ ಹಾಗೇ ಉಳಿಯಿತು. ಮಕ್ಕಳು ನಡುಮನೆಯಲ್ಲೇ ಚಾಪೆ ಹಾಸಿ ಕೂರುತ್ತಾರೆ. ನನಗೆ ರಾತ್ರಿ ನಿದ್ದೆ ಬರುತ್ತದೆ.