ನಾಳೆ ಚರಿತ್ರೆಯ ಪರೀಕ್ಷೆ

ಮಾರ್ಚ್ ತಿಂಗಳು ಕಳೆಯುತ್ತ ಬಂದಾಗ ರಾತ್ರಿಯ ಹೊತ್ತು ಶಂಕರಘಟ್ಟದ ಬೀದಿಯಲ್ಲಿ ನಡೆದು ಹೋದರೆ ಒಂದೊಂದು ಕಿಟಕಿಯಿಂದಲೂ ಒಂದೊಂದು ಯುದ್ಧ ಕೇಳಿಸುತ್ತದೆ. ಈ ಮನೆಯಲ್ಲಿ ತಾಳೀಕೋಟೆ, ಆ ಮನೆಯಲ್ಲಿ ಪ್ಲಾಸಿ, ಮೂಲೆಯ ಮನೆಯಲ್ಲಿ ನಾಲ್ಕನೆಯ ಮೈಸೂರು ಯುದ್ಧ. ಎಸ್.ಎಸ್.ಎಲ್.ಸಿ.ಯಲ್ಲಿ ಚರಿತ್ರೆಗೆ ಈಗ ಬೇರೆ ಪತ್ರಿಕೆಯಿಲ್ಲ. ಭೂಗೋಳ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳ ಜೊತೆಗೆ ಸಮಾಜ ವಿಜ್ಞಾನವೆಂಬ ಒಂದೇ ಸೂರಿನ ಕೆಳಗೆ ಅದೂ ಒಂದು ಕೋಣೆ ಹಿಡಿದುಕೊಂಡಿದೆ. ಆದರೂ ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳ ನಿದ್ದೆ ಕೆಡಿಸುವುದು ಅದೇ, ಇಸವಿಗಳ ದೆಸೆಯಿಂದ. ನಿಮ್ಮ ಮನೆಯಲ್ಲಿಯೂ ಆ ವಾರ ರೇಡಿಯೋದ ದನಿಯನ್ನು ತಗ್ಗಿಸಿಯೇ ಇಟ್ಟಿರುತ್ತೀರಷ್ಟೆ.

ಅಂಥದೊಂದು ಸಂಜೆ ಪಕ್ಕದ ಮನೆಯ ಹುಡುಗನೊಬ್ಬ ನೋಟ್ ಪುಸ್ತಕ ಹಿಡಿದು ನಮ್ಮ ಜಗಲಿಗೆ ಬಂದು ಕುಳಿತ. "ಮೇಷ್ಟ್ರೇ, ಬೆಳಗ್ಗೆಯಿಂದ ಉರು ಹೊಡೀತಾ ಇದೀನಿ. ಒಂದು ಇಸವಿ ಒಳಗೆ ಬಂದರೆ ಇನ್ನೊಂದು ಹೊರಗೆ ಹೋಗತ್ತೆ" ಎಂದ. ದೂರು ನ್ಯಾಯವಾದದ್ದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸ ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಆ ಮರೆವನ್ನು ಅಳೆದು 1885ರಲ್ಲಿ ಪುಸ್ತಕ ಬರೆದ. ಕಲಿಯಲು ಪಟ್ಟ ಶ್ರಮದ ಅರ್ಧಕ್ಕೂ ಹೆಚ್ಚು ಪಾಲು ಮೊದಲ ಒಂದು ಗಂಟೆಯೊಳಗೇ ಸೋರಿ ಹೋಗುತ್ತದೆ, ಒಂದು ದಿನ ಕಳೆದ ಮೇಲೆ ಉಳಿಯುವುದು ಸುಮಾರು ಮೂರರಲ್ಲಿ ಒಂದು ಪಾಲು, ಎಂಬುದು ಅವನ ಲೆಕ್ಕ. ಅರ್ಥವಿಲ್ಲದ್ದನ್ನು ಕಲಿತರೆ ಎಂಬ ಮಾತನ್ನು ಇಲ್ಲಿ ಮರೆಯಬಾರದು. ಹಿಂದುಮುಂದಿಲ್ಲದ ಇಸವಿಯೂ ಅರ್ಥವಿಲ್ಲದ ಅಕ್ಷರದ ಜಾತಿಯದೇ.

ಹಾಗಾದರೆ ಕಾಗದ ದುರ್ಲಭವಾಗಿದ್ದ ಕಾಲದಲ್ಲಿ ನಮ್ಮ ಹಿರಿಯರು ಕಾಲವನ್ನು ನೆನಪಿಟ್ಟುಕೊಂಡದ್ದು ಹೇಗೆ?

ಓದುಬರಹ ಬಾರದ ಅಜ್ಜಿಯರಿಗೂ ಒಂದು ವರ್ಷ ಮರೆಯುತ್ತಿರಲಿಲ್ಲ: ಧಾತು ಈಶ್ವರದ ಬರ. ಅರವತ್ತು ಸಂವತ್ಸರಗಳ ಚಕ್ರದಲ್ಲಿ ಧಾತುವೆಂದರೆ 1876, ಈಶ್ವರವೆಂದರೆ 1877. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಖಾನೇಷುಮಾರಿಯಲ್ಲಿ 50 ಲಕ್ಷ ದಾಟಿದ್ದುದು, 1881ರಲ್ಲಿ 42 ಲಕ್ಷದಷ್ಟಕ್ಕೆ ಇಳಿದಿತ್ತು. ಆ ಹೆಸರನ್ನು ಯಾರೂ ಪರೀಕ್ಷೆಗಾಗಿ ಕಲಿಯಲಿಲ್ಲ. ಮನೆಯಲ್ಲಿ ಸತ್ತವರ ಜೊತೆಗೆ ಅದು ಉಳಿಯಿತು.

ಪಂಡಿತರ ದಾರಿ ಬೇರೆ. ಅವರು ಅಂಕಿಯನ್ನು ಮಾತಾಗಿ ಮಾಡಿದರು. ಶಶಿಯೆಂದರೆ ಒಂದು, ನೇತ್ರವೆಂದರೆ ಎರಡು, ವೇದ ನಾಲ್ಕು, ಬಾಣ ಐದು, ರಸ ಆರು, ಗಿರಿ ಏಳು, ಆಕಾಶ ಸೊನ್ನೆ. ಇದು ಭೂತಸಂಖ್ಯೆ. ಬರಿಯ ಅಂಕಿಯನ್ನು ಲಿಪಿಕಾರ ತಪ್ಪಾಗಿ ಪ್ರತಿಮಾಡಿದರೆ ಹಿಡಿಯುವವರು ಯಾರು? ಪದ್ಯದಲ್ಲಿ ಕೂತ ಮಾತನ್ನು ಕೆಡಿಸಿದರೆ ಛಂದಸ್ಸೇ ಕುಂಟಿ, ತಪ್ಪನ್ನು ಹೇಳಿಬಿಡುತ್ತದೆ.

ಇನ್ನೊಂದು ಉಪಾಯ ಕಟಪಯಾದಿ. ಕ, ಟ, ಪ, ಯ ಈ ನಾಲ್ಕೂ ಒಂದು. ಕದಿಂದ ಝದವರೆಗೆ ಒಂದರಿಂದ ಒಂಬತ್ತು. ಟದಿಂದ ಧದವರೆಗೆ ಮತ್ತೆ ಒಂದರಿಂದ ಒಂಬತ್ತು. ಪದಿಂದ ಮದವರೆಗೆ ಐದು. ಯದಿಂದ ಹದವರೆಗೆ ಎಂಟು. ಞ ಮತ್ತು ನ ಸೊನ್ನೆ. ಒತ್ತಕ್ಷರವಿದ್ದರೆ ಕೊನೆಯ ವ್ಯಂಜನಕ್ಕೆ ಮಾತ್ರ ಲೆಕ್ಕ. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಕರ್ಣಾಟಕ ಸಂಗೀತ ಕೇಳುವ ನಿಮಗೆ ಇದು ಹೊಸತಲ್ಲ. ಮಾಯಾಮಾಳವಗೌಳದ ಮೊದಲೆರಡು ಅಕ್ಷರ ಮ, ಯ: ಐದು, ಒಂದು, ತಿರುವಿದರೆ 15ನೆಯ ಮೇಳ. ಶಂಕರಾಭರಣಕ್ಕೆ 'ಧೀರ' ಎಂಬ ಬಿರುದು ಅಂಟಿಕೊಂಡದ್ದು ಶೌರ್ಯಕ್ಕಲ್ಲ, 29 ಎಂಬ ಸಂಖ್ಯೆಗೆ.

ಹುಡುಗನ ಪಟ್ಟಿಯನ್ನು ಹಿಡಿದು ಇಬ್ಬರೂ ಕುಳಿತೆವು. ವಿಜಯನಗರದ ಸ್ಥಾಪನೆ 1336. ತಿರುವಿ ಬರೆದರೆ ಆರು, ಮೂರು, ಮೂರು, ಒಂದು: 'ತಬಲಾ ಕೈ'. ಅವನು ನಕ್ಕ, ನಕ್ಕದ್ದು ನಿಲ್ಲುತ್ತದೆ. ಅದೇ ಸಾಮ್ರಾಜ್ಯ ಮುರಿದು ಬಿದ್ದ 1565ಕ್ಕೆ 'ಮಾತು ಮಾಯ'. ಇದಕ್ಕೆ ನಗಲಿಲ್ಲ. ಇನ್ನು ನಮ್ಮ ಜಿಲ್ಲೆಯದೇ ಒಂದು ಇಸವಿ, 1763. ಹೈದರಾಲಿ ರಾಣಿ ವೀರಮ್ಮಾಜಿಯಿಂದ ಬಿದನೂರನ್ನು ಗೆದ್ದು, ಕೆಳದಿ ಅರಸರು ಕೂಡಿಟ್ಟಿದ್ದ ಭಂಡಾರವನ್ನು ಕೈವಶ ಮಾಡಿಕೊಂಡು, ಊರಿಗೆ ಹೈದರನಗರವೆಂದು ಹೆಸರಿಟ್ಟ. ಇಂದು ಹೊಸನಗರ ತಾಲ್ಲೂಕಿನಲ್ಲಿರುವ ನಗರವೇ ಅದು. ಅದಕ್ಕೆ 'ಬಾಚಿ ಸಾಕು'. ಕೋಟೆಯನ್ನು ನೋಡಿದ್ದೀಯಾ ಎಂದು ಕೇಳಿದೆ. ಪ್ರವಾಸದಲ್ಲಿ ಹೋಗಿದ್ದೆ, ಅದೇ ಇದು ಅಂತ ಗೊತ್ತಿರಲಿಲ್ಲ ಎಂದ. ಶಿವಪ್ಪನಾಯಕನ ಶಿಸ್ತನ್ನು ಎರಡು ಅಂಕದ ಉತ್ತರವಾಗಿ ಒಪ್ಪಿಸುವವನಿಗೆ, ಆ ಕಂದಾಯದ ಕಟ್ಟಳೆ ತನ್ನ ಜಿಲ್ಲೆಯ ಗದ್ದೆ ತೋಟಗಳನ್ನೂ ಅಳೆದದ್ದೆಂದು ಯಾರೂ ಹೇಳಿರಲಿಲ್ಲ. ತಪ್ಪು ಅವನದಲ್ಲ, ನಮ್ಮಂಥವರದು.

ಪಟ್ಟಿಯಲ್ಲಿ ಕ್ರಿ.ಶ. 345 ಎಂದೂ ಇತ್ತು: ಕದಂಬ ಮಯೂರಶರ್ಮ. ಇದನ್ನು ಮಾತಾಗಿ ಮಾಡಲು ನಾನು ಒಪ್ಪಲಿಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲೆ ಕುಬ್ಜ ಕವಿ ಬರೆದ ಶಾಸನದಲ್ಲಿ ಅವನ ಕಥೆಯಿದೆ: ಗುರು ವೀರಶರ್ಮನೊಡನೆ ಓದಲು ಕಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು. ಆದರೆ ಇಸವಿಯಿಲ್ಲ. 345 ಎಂಬುದು ವಿದ್ವಾಂಸರ ಊಹೆ. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿ ಶಕ 465 ಎಂದು ಸ್ಪಷ್ಟವಾಗಿ ಕೊರೆಯಿಸಿದ, ಅಂದರೆ ಕ್ರಿ.ಶ. 543ರಂಥ ಗಟ್ಟಿ ಇಸವಿಯಲ್ಲ. ನಡುವೆ ಓದು ಬಿಟ್ಟುಹೋದ ವಿದ್ಯಾರ್ಥಿಯ ಊಹೆಯ ಇಸವಿಯನ್ನು ನಮ್ಮ ವಿದ್ಯಾರ್ಥಿಗಳು ನಿದ್ದೆಗೆಟ್ಟು ಓದುತ್ತಿದ್ದಾರೆ. ಪರೀಕ್ಷೆಯಲ್ಲಿ ಏನು ಬರೀಲಿ ಎಂದ. 345 ಎಂದೇ ಬರೆ, 'ಸುಮಾರು' ಎಂದು ಸೇರಿಸು ಎಂದೆ.

ಒಂಬತ್ತೂವರೆಗೆ ಅವನನ್ನು ಎಬ್ಬಿಸಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಇಬ್ಬರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ನಡೆಸಿ 1924ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಲಿತ ಕೂಡಲೆ ಮಲಗಿದಾಗ ನೆನಪು ಉಳಿದಷ್ಟು, ಕಲಿತು ಎಚ್ಚರವಿದ್ದಾಗ ಉಳಿಯಲಿಲ್ಲ. ಪುಸ್ತಕ ಮುಚ್ಚಿ ಒಂದು ಸಲ ಬಾಯಿಬಿಟ್ಟು ಹೇಳಿಕೊಂಡು ಮಲಗು ಎಂದು ಕಳಿಸಿದೆ. ಅವರಮ್ಮ ಗೇಟಿನ ಹತ್ತಿರ ನಿಂತು, "ಇಷ್ಟು ಬೇಗ ಮಲಗೋದಾ ಮೇಷ್ಟ್ರೇ, ನಾಳೆ ಪರೀಕ್ಷೆ ಅಲ್ವಾ?" ಎಂದು ಸಂಶಯದಿಂದಲೇ ಕೇಳಿದರು.

ಇಪ್ಪತ್ತನೆಯ ಶತಮಾನದ ಇಸವಿಗಳನ್ನು ನಾನು ಕೈಬಿಟ್ಟಿದ್ದೆ. ಒಂಬತ್ತಕ್ಕೆ ಇರುವುದು ಝ ಮತ್ತು ಧ ಎರಡೇ ಅಕ್ಷರ. ಕನ್ನಡದಲ್ಲಿ ಅವು ಅಪರೂಪ. ಮರುದಿನ ಪರೀಕ್ಷೆ ಮುಗಿಸಿ ಬಂದವನು ಅಂಕದ ಸುದ್ದಿ ಎತ್ತಲೇ ಇಲ್ಲ. "ಧಾಟಿ ಅಂದ್ರೆ 19 ಮೇಷ್ಟ್ರೇ! ಎಲ್ಲದರ ಕೊನೆಗೂ ಅದನ್ನ ಹಾಕಿದ್ರೆ ಆಯ್ತು" ಎಂದ. 1947ಕ್ಕೆ 'ಸಭೆ ಧಾಟಿ'. ಕನ್ನಡ ನಾಡು ಒಂದಾದ 1956ಕ್ಕೆ 'ತಮ್ಮ ಧಾಟಿ'. ಲೆಕ್ಕ ಹಾಕಿ ನೋಡಿದೆ, ಸರಿಯಾಗಿದೆ. ಶ್ರೀರಂಗಪಟ್ಟಣ ಬಿದ್ದ 1799ಕ್ಕೆ ಮಾತ್ರ ಎರಡು ಒಂಬತ್ತು ಒಟ್ಟಿಗೆ ಬಂದು ನಮ್ಮಿಬ್ಬರನ್ನೂ ಕಾಡುತ್ತಿದೆ. ಓದುಗರಲ್ಲಿ ಯಾರಿಗಾದರೂ ಹೊಳೆದರೆ ಒಂದು ಕಾರ್ಡು ಬರೆಯಿರಿ.